ಕಾರಿನ ಹಣೆ

ದೇವದುರ್ಗದ ಬೀಗರ ಮನೆಯಲ್ಲಿ ಕುಬಸದ, ಅಂದರೆ ಸೀಮಂತದ, ಊಟ ಮುಗಿದಿತ್ತು. ಒಳಗೆ ಹೆಂಗಸರು ಬಸುರಿಯ ಉಡಿಯಲ್ಲಿದ್ದ ಅಕ್ಕಿ, ಕೊಬ್ಬರಿ, ಉತ್ತತ್ತಿಗಳನ್ನು ಗಂಟು ಕಟ್ಟುತ್ತಿದ್ದರೆ ಹನುಮಂತ್ರಾಯ ಹೊರಗೆ ಅಂಗಳದಲ್ಲಿ ಒಂದು ಬಿಳಿ ಕಾರಿಗೆ ಸುತ್ತು ಹಾಕುತ್ತಿದ್ದ. ಇದು ಮೂರನೆಯ ಸುತ್ತು. ಸಂತೆಯಲ್ಲಿ ಎತ್ತು ಕೊಳ್ಳಲು ಬಂದವನ ಹಾಗೆ ಒಮ್ಮೆ ಹಿಂದಿನಿಂದ ನೋಡಿದ, ಒಮ್ಮೆ ಬಗ್ಗಿ ಹೊಟ್ಟೆಯ ಕೆಳಗೆ ನೋಡಿದ, ಯಾರೂ ಕಾಣದ ಹಾಗೆ ಟಯರಿಗೆ ಮೆಲ್ಲಗೆ ಒದ್ದ.

ಏಳು ತಿಂಗಳ ಬಸುರಿ ಮಗಳು ಭಾಗ್ಯಜ್ಯೋತಿ ಚೊಚ್ಚಲ ಹೆರಿಗೆಗೆ ರಾಯಚೂರಿನ ತವರಿಗೆ ಹೊರಟಿದ್ದಳು. ಹೋಗುವುದು ಈ ಕಾರಿನಲ್ಲಿ. ಅಳಿಯ ದುರುಗೇಶ ಇದನ್ನು ಕೊಂಡು ಎರಡು ತಿಂಗಳಾಗಿತ್ತು. ಇದು ಅರ್ಧಕ್ಕರ್ಧ ತಾನೇ ಓಡುತ್ತದೆ, ತಾನೇ ನಿಲ್ಲುತ್ತದೆ, ಗೆರೆ ತಪ್ಪಿದರೆ ತಾನೇ ತಿದ್ದಿಕೊಳ್ಳುತ್ತದೆ ಎಂಬ ಸುದ್ದಿ ಬೀಜ-ಗೊಬ್ಬರದ ಅವನ ಅಂಗಡಿಗೆ ಬಂದು ಹೋದವರ ಬಾಯಿಂದ ಸುತ್ತಲ ಊರುಗಳಿಗೆಲ್ಲ ಮುಟ್ಟಿತ್ತು.

ಹನುಮಂತ್ರಾಯ ಇಪ್ಪತ್ತಾರು ವರ್ಷಗಳಿಂದ ರಾಯಚೂರು–ಮಾನ್ವಿ ಲೈನಿನಲ್ಲಿ ಕ್ರೂಸರ್ ಓಡಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ಎದುರುಬದುರು ಕುಳಿತವರು ಮಾನ್ವಿ ಬರುವಷ್ಟರಲ್ಲಿ ಇನ್ನೊಬ್ಬರ ಮೊಣಕಾಲನ್ನು ತಮ್ಮದೆಂದು ತಿಳಿದು ತುರಿಸಿಕೊಳ್ಳುವಂಥ ಗಾಡಿ. ಅಷ್ಟು ಮಂದಿಯನ್ನು ತುಂಬಿಕೊಂಡು ಓಡಿಸಿದರೂ ಇಷ್ಟು ವರ್ಷದಲ್ಲಿ ಒಬ್ಬರ ಮೂಗಿನಿಂದಲೂ ರಕ್ತ ಬಂದಿರಲಿಲ್ಲ. ಈ ದಿನವೂ ಕುಬಸದ ಸಾಮಾನು, ಓಣಿಯ ಹೆಂಗಸರು ಎಲ್ಲ ಅದರಲ್ಲೇ ಬಂದಿದ್ದರು. ಮಗಳನ್ನೂ ಅದರಲ್ಲೇ ಕರೆದೊಯ್ಯುವ ಆಸೆ ಅವನಿಗಿತ್ತು. ಆದರೆ ರಾಯಚೂರಿನ ದವಾಖಾನೆಯ ಡಾಕ್ಟರಮ್ಮ, “ಕುಲುಕಾಟ ಆಗಬಾರದು” ಎಂದು ಖಡಾಖಂಡಿತವಾಗಿ ಹೇಳಿದ್ದಳು. ಕ್ರೂಸರ್ ಕುಲುಕುವುದಿಲ್ಲ ಎಂದು ಹನುಮಂತ್ರಾಯ ಕೂಡ ಹೇಳುವ ಹಾಗಿರಲಿಲ್ಲ.

“ಮಾವಾರ, ಹಂಗೇನು ನೋಡಾಕತ್ತೀರಿ? ಏನಾರ ಇದ್ರ ಕೇಳ್ರಿ,” ಎನ್ನುತ್ತ ದುರುಗೇಶ ಕೈ ಒರೆಸಿಕೊಳ್ಳುತ್ತ ಬಂದ. ಮೆತ್ತಗಿನ ಸ್ವಭಾವದ ಹುಡುಗ. ಹೊಸ ಸಾಮಾನು ಕಂಡರೆ ಮಾತ್ರ ಅವನ ಕಣ್ಣುಗಳು ಅರಳುತ್ತಿದ್ದವು.

“ಅಲ್ರೀ ಅಳಿಯಂದ್ರ, ಮುಂದ ಯಾರಾರ ಅಡ್ಡ ಬಂದ್ರ?”

“ತಾನ ಬ್ರೇಕ್ ಹಾಕ್ತದ್ರಿ.”

“ಎಮ್ಮಿ ಬಂದ್ರ?”

“ಎಮ್ಮೀಗೂ ಹಾಕ್ತದ.”

“ಎಮ್ಮಿ ಬಂದು ರೋಡಿನ್ಯಾಗ ಮಲಗಿದ್ರ?”

ದುರುಗೇಶ ಸ್ವಲ್ಪ ಯೋಚಿಸಿದ. “ಮಲಗಿದ್ದು ಇನ್ನಾ ಸಿಕ್ಕಿಲ್ರಿ. ಹಾಕಬಹುದು.”

“ಮುಂದಿನ ಟ್ರ್ಯಾಕ್ಟರ್‌ನವ ಬಲಕ್ಕ ಲೈಟ್ ಹಾಕಿ ಎಡಕ್ಕ ಹೊಳ್ಳಿದ್ರ?”

“ಅದು ನನಗೂ ತಿಳಿಯಂಗಿಲ್ರಿ ಮಾವಾರ.”

ಕಟ್ಟೆಯ ಮೇಲೆ ಕುಳಿತವರೆಲ್ಲ ನಕ್ಕರು. ಎಲೆ ಅಡಿಕೆ ಜಗಿಯುತ್ತ ಕುಳಿತಿದ್ದ ಮೀರಾಹುಸೇನ ಎದ್ದು ಬಂದ. ಅವನೂ ಮಾನ್ವಿ ಲೈನಿನ ಡ್ರೈವರ್, ಹನುಮಂತ್ರಾಯನ ಹಳೆಯ ಗೆಳೆಯ. ಇವತ್ತು ಕ್ರೂಸರನ್ನು ವಾಪಸು ಒಯ್ಯುವ ಕೆಲಸ ಅವನದು.

“ಹಣಮಂತಣ್ಣಾ, ಎಲ್ಲಾ ಕೇಳಿದಿ, ಅದು ಉಂಡದೋ ಇಲ್ಲೋ ಕೇಳಲೇ ಇಲ್ಲ. ಉಪಾಸ ಇದ್ದ ಡ್ರೈವರ್‌ನ ಗಾಡಿ ಹತ್ತಬಾರದಪಾ.”

“ನೀ ಸುಮ್ನಿರಲೇ. ನನ್ನ ಮಗಳು ಹೊಂಟಾಳ, ನಿನಗ ಮಸ್ಕಿರಿ.”

“ಇವತ್ತ ನೀನೂ ಪ್ಯಾಸೆಂಜರ್ ಅದೀ. ಪ್ಯಾಸೆಂಜರ್ ಭಾಳ ಮಾತಾಡಬಾರದು ಅಂತ ದಿನಾ ಬೈತಿದ್ದಿಯಲ್ಲ?”

ಬೇರೆ ಯಾರೇ ಆಗಿದ್ದರೂ ಹನುಮಂತ್ರಾಯ, “ಕೀಲಿ ಇಲ್ಲಿ ಕೊಡಲೇ, ನಾನ ಓಡಸ್ತೀನಿ” ಎಂದು ಕಿತ್ತುಕೊಳ್ಳುತ್ತಿದ್ದ. ಆದರೆ ಅಳಿಯನಿಗೆ ಹಾಗನ್ನುವುದು ಹೇಗೆ? ಅದೂ ಬೀಗರ ಅಂಗಳದಲ್ಲಿ, ಹೋಳಿಗೆ ಉಂಡ ಕೈ ಇನ್ನೂ ತುಪ್ಪ ನಾರುತ್ತಿರುವಾಗ?

ಒಳಗೆ ಹೋಗಿ ಮಗಳನ್ನು ಮೂಲೆಗೆ ಕರೆದ. ಹಸಿರು ಸೀರೆ, ಮೊಳಕೈ ತನಕ ಹಸಿರು ಬಳೆ, ಮುಡಿಯ ತುಂಬ ಹೂವು. ಹೊಟ್ಟೆಯ ಭಾರಕ್ಕೆ ಹಿಂದಕ್ಕೆ ವಾಲಿ ನಿಂತಿದ್ದಳು.

“ಯವ್ವಾ, ನಿನಗೇನು ಅಂಜಿಕಿ ಇಲ್ಲಲ್ಲ?”

“ಯಪ್ಪಾ, ಹತ್ತು ಸಲ ಇದರಾಗ ಹೋಗಿ ಬಂದೀನಿ.”

“ಅದು ಬ್ಯಾರೆ. ಆವಾಗ ಒಬ್ಬಾಕಿ ಇದ್ದಿ.”

“ಆವಾಗೂ ಇಬ್ರೇ ಇದ್ವಿ,” ಎಂದು ಭಾಗ್ಯಜ್ಯೋತಿ ನಕ್ಕಳು. “ಕಾರು ತಂದು ಎರಡ ತಿಂಗಳಾತು, ನನಗ ಏಳು. ಲೆಕ್ಕ ಬರಂಗಿಲ್ಲ ನಿನಗ.”

ಹನುಮಂತ್ರಾಯನಿಗೆ ತನ್ನ ಕೈಯಲ್ಲಿ ಇನ್ನೇನು ಉಳಿದಿದೆ ಎಂದು ಯೋಚಿಸಿದಾಗ ನಡುವಿಗೆ ಕಟ್ಟಿದ ಭಂಡಾರದ ಚೀಲ ನೆನಪಾಯಿತು. ಅವನ ಅಪ್ಪ, ಅಜ್ಜ ಎಲ್ಲ ಕುರಿ ಕಾಯ್ದವರು. ಹಿಂಡು ಹೊರಡುವ ಮುಂಚೆ ಮನೆದೇವರ ಹೆಸರಲ್ಲಿ ಮುಂದಿನ ಟಗರಿನ ಹಣೆಗೆ ಅರಿಶಿನದ ಭಂಡಾರ ಹಚ್ಚುತ್ತಿದ್ದರು. ಕುರಿ ಬಿಟ್ಟು ಸ್ಟೇರಿಂಗ್ ಹಿಡಿದ ಹನುಮಂತ್ರಾಯ ಪ್ರತಿ ಭಾನುವಾರ ಕ್ರೂಸರಿಗೆ ಹಚ್ಚುತ್ತ ಬಂದಿದ್ದ.

ಬೀಗಿತ್ತಿಯಿಂದ ಅಂಗೈಯಲ್ಲಿ ಒಂದಿಷ್ಟು ಕುಸುಬಿ ಎಣ್ಣೆ ಇಸಿದುಕೊಂಡ. ಒಣ ಭಂಡಾರ ಗಾಳಿಗೆ ಹಾರಿ ಹೋಗುತ್ತದೆ, ರಾಯಚೂರಿನ ತನಕ ನಿಲ್ಲಬೇಕು. ಎಣ್ಣೆಯಲ್ಲಿ ಗಟ್ಟಿಯಾಗಿ ಕಲಸಿ ಕಾರಿನ ಮುಂದೆ ಬಂದು ನಿಂತ. ಹೆಂಡತಿ ಬೂದೆಮ್ಮ ಊದುಬತ್ತಿ ಹಿಡಿದು ಪಕ್ಕದಲ್ಲಿದ್ದಳು.

“ಬಾನೆಟ್ಟಿಗೆ ಹಚ್ರಲ್ಲ, ಸಾಕು,” ಎಂದಳು.

“ಬಾನೆಟ್ ಅಂದ್ರ ಅದರ ಎದಿ. ಎದೀಗೆ ಯಾರಾರ ಹಚ್ತಾರೇನು? ಹಣೀಗೆ ಹಚ್ಚಬೇಕು.”

ಮುಂದಿನ ಗಾಜಿನ ನೆತ್ತಿ, ನಟ್ಟ ನಡುವೆ. ಕಾಲ ಬೆರಳ ಮೇಲೆ ನಿಂತು, ಕೈ ಚಾಚಿ, ಹೆಬ್ಬೆರಳಿನಿಂದ ಬೇವಿನೆಲೆಯಷ್ಟು ಉದ್ದದ ನಾಮ ಎಳೆದ. ಮನಸ್ಸು ತಡೆಯಲಿಲ್ಲ, ಅದರ ಮೇಲೆ ಇನ್ನೊಂದು ಸಲ ದಪ್ಪಗೆ ಎಳೆದ. ಕಣ್ಣು ಮುಚ್ಚಿ, “ನನ್ನ ಮಗಳನ್ನ ಮನಿ ಮುಟ್ಟಸಪಾ” ಎಂದ. ಮೀರಾಹುಸೇನನೂ ತಲೆಗೆ ಕರವಸ್ತ್ರ ಹಾಕಿಕೊಂಡು ಒಂದು ಗಳಿಗೆ ಕಣ್ಣು ಮುಚ್ಚಿದ. ದುರುಗೇಶ ಅಷ್ಟೊತ್ತಿಗೆ ಡಿಕ್ಕಿಯಲ್ಲಿ ಗಂಟುಗಳನ್ನು ಜೋಡಿಸುತ್ತಿದ್ದ.

ಕ್ರೂಸರ್ ಮುಂದೆ ಹೊರಟುಹೋಯಿತು. ಕಾರಿನಲ್ಲಿ ನಾಲ್ಕೇ ಜನ. ಸ್ಟೇರಿಂಗಿಗೆ ದುರುಗೇಶ, ಪಕ್ಕದಲ್ಲಿ ಹನುಮಂತ್ರಾಯ, ಹಿಂದೆ ತಾಯಿ ಮಗಳು. ದೇವದುರ್ಗ ದಾಟುವ ಮುನ್ನವೇ ಕಾರು ‘ಟಿಣ್’ ಎಂದಿತು. ಮುಂದಿನ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಎರಡು ಸಾಲು ಮೂಡಿತು. ದುರುಗೇಶ ಅದನ್ನು ಹೆಬ್ಬೆರಳಿನಿಂದ ಸರಿಸಿ ಹಾಕಿದ.

“ಏನಂತದ್ರೀ?” ಹನುಮಂತ್ರಾಯ ಕೇಳಿದ.

“ಏನಿಲ್ರಿ ಮಾವಾರ. ದಿನಾ ಏನಾರ ಒಂದು ಹೇಳ್ತಿರ್ತದ. ಬೆಲ್ಟ್ ಹಾಕು ಅಂತದ, ಬಾಗಲಾ ಹಾಕು ಅಂತದ, ಭಾಳ ಹೊತ್ತಾತು ಚಾ ಕುಡಿ ಅಂತದ.”

“ಚಾ ಕುಡಿ ಅಂತದಾ?”

“ಹೌದ್ರಿ, ಕಪ್ಪಿನ ಚಿತ್ರ ತೋರಸ್ತದ.”

“ಅಷ್ಟಾರ ಬುದ್ಧಿ ಅದ,” ಎಂದ ಹನುಮಂತ್ರಾಯ. ಹಿಂದಿನಿಂದ ಭಾಗ್ಯಜ್ಯೋತಿ ಕಿಸಕ್ಕನೆ ನಕ್ಕಳು.

ಡಿಸೆಂಬರಿನ ನಾಲ್ಕು ಗಂಟೆಯ ಬಿಸಿಲು. ಎರಡೂ ಕಡೆ ಕೊಯ್ದ ನೆಲ್ಲಿನ ಗದ್ದೆ, ಅಲ್ಲಲ್ಲಿ ಬಿಳಿಯೊಡೆದ ಹತ್ತಿ. ದುರುಗೇಶ ಒಂದು ಗುಂಡಿ ಒತ್ತಿ ವೇಗವನ್ನು ಅರವತ್ತಕ್ಕೆ ನಿಲ್ಲಿಸಿದ. “ನೋಡ್ರಿ ಮಾವಾರ, ಈಗ ನನ್ನ ಕಾಲಿಗೆ ಕೆಲಸ ಇಲ್ಲ. ಮುಂದ ಏನಾರ ಬಂದ್ರ ತಾನ ನೋಡ್ಕೋತದ,” ಎಂದು ಹೇಳಿ, ಮಾವನಿಗೆ ಧೈರ್ಯ ತುಂಬುವ ಉತ್ಸಾಹದಲ್ಲಿ ಬಲಗಾಲನ್ನು ಮಡಚಿ ಸೀಟಿನ ಮೇಲೆ ಇಟ್ಟುಕೊಂಡ, ಅಂಗಡಿಯ ಗಾದಿಯ ಮೇಲೆ ಕುಳಿತ ಹಾಗೆ. ಕೈ ಮಾತ್ರ ಸ್ಟೇರಿಂಗಿನ ಮೇಲಿತ್ತು.

ಹನುಮಂತ್ರಾಯನ ಬಾಯಿಗೆ ಬಂದ ಬೈಗುಳ ಹಲ್ಲಿನ ಹಿಂದೆಯೇ ನಿಂತಿತು. ಅಳಿಯ. ನೀವು, ತಾವು ಎಂದು ಮಾತಾಡಿಸಬೇಕಾದ ಅಳಿಯ. “ಕಾಲು ಕೆಳಗಿದ್ರ ಚಂದ ಇತ್ತೇನೋ,” ಎಂದ ಮೆಲ್ಲಗೆ. ದುರುಗೇಶನಿಗೆ ಅದು ಕೇಳಿಸಲಿಲ್ಲವೋ, ಮಾವನ ಹಳೆಯ ಅಂಜಿಕೆ ಎಂದುಕೊಂಡನೋ, ಸುಮ್ಮನೆ ನಕ್ಕ.

ಆದರೆ ಹತ್ತು ಮೈಲಿ, ಹದಿನೈದು ಮೈಲಿ ಕಳೆದರೂ ಏನೂ ಆಗಲಿಲ್ಲ. ಕಾರು ಹರಿವ ನೀರಿನಂತೆ ಹೋಗುತ್ತಿತ್ತು. ಹನುಮಂತ್ರಾಯ ತಿರುಗಿ ನೋಡಿದ. ಭಾಗ್ಯಜ್ಯೋತಿ ತಾಯಿಯ ಭುಜಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿದ್ದಳು. ಹೊಟ್ಟೆ ಅಲ್ಲಾಡುತ್ತಿರಲಿಲ್ಲ. ಕ್ರೂಸರಿನಲ್ಲಿ ಬಂದಿದ್ದರೆ ಇಷ್ಟು ಹೊತ್ತಿಗೆ ಹೂವಿನ ದಂಡೆ ಬಿಚ್ಚಿ ಬೀಳುತ್ತಿತ್ತು. ಅವನಿಗೆ ತನ್ನ ಅಂಜಿಕೆಯ ಬಗ್ಗೆ ಸ್ವಲ್ಪ ನಾಚಿಕೆಯಾಯಿತು.

ಗಬ್ಬೂರು ದಾಟಿದ ಮೇಲೆ ರಸ್ತೆಯ ಎಡ ಅರ್ಧಕ್ಕೆ ನೆಲ್ಲು ಹರವಿದ್ದರು. ಗಾಡಿಗಳು ತುಳಿಯದಿರಲಿ ಎಂದು ಅಂಚಿಗೆ ಸಾಲಾಗಿ ಕಲ್ಲು ಇಟ್ಟಿದ್ದರು. ಮುಂದೆ ತಾಡಪತ್ರಿ ಮುಚ್ಚಿದ ಒಂದು ದೊಡ್ಡ ರಾಶಿ. ದುರುಗೇಶ ಕಾರನ್ನು ಬಲಕ್ಕೆ ತೆಗೆದುಕೊಂಡ. ಆ ರಾಶಿಯ ಆಚೆ, ಕಾಲುವೆಯ ಕಡೆಯಿಂದ, ತೆಳ್ಳಗೆ ಧೂಳು ಏಳುತ್ತಿರುವುದನ್ನು ಹನುಮಂತ್ರಾಯ ಕಂಡ. ಲಾರಿಯ ಧೂಳು ಮೇಲಕ್ಕೆ ಹೊರಳುತ್ತದೆ. ಇದು ನೆಲಕ್ಕಂಟಿ ಹರಿಯುತ್ತಿತ್ತು. ಕುರುಬರ ಮನೆಯಲ್ಲಿ ಹುಟ್ಟಿದವನಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

“ಕುರಿ ಬರಾಕತ್ತಾವ,” ಎಂದ.

“ನೋಡ್ಕೋತದ್ರಿ,” ಎಂದ ದುರುಗೇಶ.

ರಾಶಿಯ ಮರೆಯಿಂದ ಟಗರು ಹೊರಬಂತು. ಅದರ ಹಿಂದೆ ಹತ್ತು, ಇಪ್ಪತ್ತು, ಇಡೀ ರಸ್ತೆ ತುಂಬಿತು. ಕಾರು ಅರವತ್ತರಲ್ಲೇ ಹೋಗುತ್ತಿತ್ತು. ಒಂದು ಕ್ಷಣ ದುರುಗೇಶನೂ ಕಾದ, ಈಗ ಹಿಡಿಯುತ್ತದೆ, ಈಗ ಹಿಡಿಯುತ್ತದೆ ಎಂದು.

“ಅದು ನೋಡವಲ್ದು! ಹಿಡೀಲೇ! ಬ್ರೇಕ್ ಹಿಡೀಲೇ ಮಗನ!”

ಕೂಗುತ್ತಲೇ ಹನುಮಂತ್ರಾಯನ ಕೈ ಎರಡು ಸೀಟಿನ ನಡುವೆ ಹ್ಯಾಂಡ್ ಬ್ರೇಕಿಗೆ ಹೋಯಿತು. ಅಲ್ಲಿ ಹಿಡಿಯಲು ಏನೂ ಇರಲಿಲ್ಲ, ಉಗುರಿನಷ್ಟು ದೊಡ್ಡ ಒಂದು ಗುಂಡಿ ಮಾತ್ರ. ದುರುಗೇಶನ ಮಡಚಿದ ಕಾಲು ಸ್ಟೇರಿಂಗಿನ ಕೆಳಗೆ ಸಿಕ್ಕಿ, ಬಿಡಿಸಿಕೊಂಡು, ಬ್ರೇಕಿನ ಮೇಲೆ ಬಿತ್ತು. ಕಾರು ಕಟಕಟನೆ ನಡುಗಿತು, ಎಡಕ್ಕೆ ಹೊರಳಿತು, ಒಂದು ಕಲ್ಲು ಕೆಳಗೆ ಡಬ್ಬೆಂದು ಬಡಿಯಿತು, ನೆಲ್ಲು ಮಳೆಯ ಹಾಗೆ ಗಾಜಿಗೆ ಚಿಮ್ಮಿತು. ನಿಂತಿತು. ಟಗರಿಗೂ ಕಾರಿಗೂ ನಡುವೆ ಒಂದು ಮಾರು ಜಾಗವಿತ್ತು. ಟಗರು ಕಾರನ್ನು ಒಮ್ಮೆ ನೋಡಿ, ನೆಲ್ಲಿಗೆ ಬಾಯಿ ಹಾಕಿತು.

ಹನುಮಂತ್ರಾಯ ಹಿಂದೆ ತಿರುಗಿದ. ಭಾಗ್ಯಜ್ಯೋತಿ ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಕಣ್ಣು ಬಿಗಿಯಾಗಿ ಮುಚ್ಚಿದ್ದಳು. ಬೂದೆಮ್ಮನ ತುಟಿಗಳು ಅಲ್ಲಾಡುತ್ತಿದ್ದವು, ಧ್ವನಿ ಇರಲಿಲ್ಲ.

“ಭಾಗ್ಯಾ?”

“ತಡಿ ಯಪ್ಪಾ.”

“ಭಾಗ್ಯಾ, ಬೆಲ್ಟ್ ಬಡೀತೇನು?” ಎಂದ ದುರುಗೇಶ. ಅವನ ಮುಖ ಬಿಳಿಚಿಕೊಂಡಿತ್ತು.

“ಯಾರೂ ಮಾತಾಡಬ್ಯಾಡ್ರಿ. ತಡೀರಿ.”

ಹೊರಗೆ ಕುರಿಗಳ ಗೊರಸಿನ ಸದ್ದು, ಕುತ್ತಿಗೆಯ ಗಂಟೆಗಳ ಸದ್ದು. ಹನುಮಂತ್ರಾಯ ಮಗಳ ಕೈಯನ್ನೇ ನೋಡುತ್ತಿದ್ದ. ಹಸಿರು ಬಳೆಗಳಲ್ಲಿ ಒಂದು ಒಡೆದು ಮಣಿಕಟ್ಟಿನ ಮೇಲೆ ಸಣ್ಣ ಗೆರೆಯಷ್ಟು ರಕ್ತ ಬಂದಿತ್ತು. ಎಷ್ಟು ಹೊತ್ತಾಯಿತೋ ಏನೋ.

“ಒದೀತು,” ಎಂದಳು. ಕಣ್ಣು ತೆರೆದಳು. “ಇನ್ನೊಮ್ಮೆ ಒದೀತು. ಸಿಟ್ಟಿಗೆದ್ದದ.”

ಬೂದೆಮ್ಮ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡು ಅಳತೊಡಗಿದಳು. ಹನುಮಂತ್ರಾಯ ಬಾಗಿಲು ತೆರೆದು ಕೆಳಗಿಳಿದ. ಕಾರನ್ನು ಹಿಡಿದುಕೊಂಡು ನಿಂತ.

ಅಷ್ಟರಲ್ಲಿ ನೆಲ್ಲಿನ ಒಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿಬಂದಳು. ಕೈಯಲ್ಲಿ ನೆಲ್ಲು ಎಳೆಯುವ ಹಲಗೆ. “ಏ ಯಪ್ಪಗೋಳ್ರಾ, ಕಣ್ಣು ದೇವದುರ್ಗದಾಗ ಬಿಟ್ಟು ಬಂದೀರೇನು? ಇಷ್ಟು ದೊಡ್ಡ ರೋಡು ಬಿಟ್ಟು ನನ್ನ ನೆಲ್ಲೇ ಬೇಕಿತ್ತಾ ನಿಮಗ?” ಎಂದವಳು, ಕಾರಿನೊಳಗೆ ಹಸಿರು ಸೀರೆಯ ಬಸುರಿಯನ್ನು ಕಂಡು ಅರ್ಧಕ್ಕೆ ನಿಂತಳು. “ಅಯ್ಯ, ನನ್ನವ್ವಾ! ಏನೂ ಆಗಿಲ್ಲಲ್ಲ?” ಹಲಗೆ ಬಿಸಾಕಿ ನೀರಿನ ಕೊಡ ತರಲು ಓಡಿದಳು.

ಕುರಿಗಳ ಹಿಂದೆ ಬಂದ ಮುದುಕ ಕಂಬಳಿ ಸರಿಪಡಿಸಿಕೊಂಡು, ಕೋಲೂರಿ ನಿಂತ. “ನಿಲ್ಲೂ ಗಾಡಿ ನಿಲ್ಲಲಿಲ್ಲ ಅಂದ್ರ ಹ್ಯಾಂಗಪಾ? ಹಾರ್ನ್ ಇಲ್ಲ, ಬ್ರೇಕ್ ಇಲ್ಲ.”

ಆಗ ಹನುಮಂತ್ರಾಯನ ಬಾಯಿ ಬಿಚ್ಚಿತು. ಅಳಿಯನಿಗೆ ಬೈಯಲಾಗದ್ದನ್ನೆಲ್ಲ ಕಾರಿಗೆ ಬೈದ. “ತಾನ ನಿಲ್ತದಂತ, ತಾನ! ಏನು ಗೊತ್ತದ ಇದಕ? ಟಗರು ಅಂದ್ರೇನು ಗೊತ್ತದೇನು, ಧೂಳು ಅಂದ್ರೇನು ಗೊತ್ತದೇನು? ಬಸುರಿ ಹೆಣಮಗಳನ್ನ ಕೂಡಿಸ್ಕೊಂಡು, ಎದುರಿಗೆ ಇಡೀ ಹಿಂಡು ಬಂದ್ರ, ಕುರುಡನಂಗ ನಡದದ! ಒಂದು ಮಷೀನ್ ನಂಬಿ ಜೀವ ಕೊಡೂದಾ ನಾವು?” ಎನ್ನುತ್ತ ಬಾನೆಟ್ಟಿನ ಮೇಲೆ ಅಂಗೈಯಿಂದ ಬಡಿದ. ಬೆಳಗ್ಗೆಯಿಂದ ಯಾರೂ ಕಿವಿಗೆ ಹಾಕಿಕೊಳ್ಳದ ಮಾತು ನಿಜವಾಗಿತ್ತು. ದುರುಗೇಶ ತಲೆ ತಗ್ಗಿಸಿ ನಿಂತಿದ್ದ. ಅವನನ್ನು ಹಾಗೆ ನೋಡಲು ಹನುಮಂತ್ರಾಯನಿಗೆ ಕೆಡುಕೆನಿಸಿತು, ಒಳಗೊಳಗೆ ಒಂಚೂರು ಹಿತವೂ ಆಯಿತು.

“ರೀ,” ಕಾರಿನೊಳಗಿಂದ ಭಾಗ್ಯಜ್ಯೋತಿ ಗಂಡನನ್ನು ಕರೆದಳು. ನೀರು ಕುಡಿದು, ಮುಂದಕ್ಕೆ ಬಾಗಿ ಪರದೆಯನ್ನು ಓದುತ್ತಿದ್ದಳು. “ಇಲ್ಲಿ ಏನೋ ಬರದದ. ಮುಂದಿನ ಕ್ಯಾಮೆರಾಕ್ಕ ಏನೋ ಅಡ್ಡ ಆಗೇದ, ಕಾಣವಲ್ದು, ಗಾಜು ಒರಸ್ರಿ ಅಂತದ. ಈ ಕ್ಯಾಮೆರಾ ಎಲ್ಲದ?”

“ಕನ್ನಡಿ ಹಿಂದ, ಗಾಜಿನ ಮ್ಯಾಲ,” ಎಂದ ದುರುಗೇಶ. “ಧೂಳಿರಬೇಕು. ಈ ರೋಡಿನ್ಯಾಗ...”

ಗಾಜಿನ ಹತ್ತಿರ ನಿಂತವನು ಹನುಮಂತ್ರಾಯ. ಹೆಗಲ ಮೇಲಿನ ಟವೆಲ್ ತೆಗೆದು, “ನಾ ಒರಸ್ತೀನಿ ತಡೀರಿ,” ಎಂದು ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು.

ಗಾಜಿನ ನೆತ್ತಿಯಲ್ಲಿ, ನಟ್ಟ ನಡುವೆ, ಅವನ ಭಂಡಾರ. ಎರಡು ಸಲ ಎಳೆದದ್ದು. ಎಣ್ಣೆ ಬಿಸಿಲಿಗೆ ಇಳಿದು ಅಂಗೈಯಗಲ ಹರಡಿತ್ತು. ಅದರ ಹಿಂದೆ, ಗಾಜಿನ ಒಳಗೆ, ಮಗುವಿನ ಕಣ್ಣಿನಷ್ಟು ದೊಡ್ಡದಾದ ಒಂದು ಕಪ್ಪು ಗುಂಡು ಹಳದಿಯೊಳಗೆ ಮುಳುಗಿತ್ತು. ಅವನ ಹೆಬ್ಬೆರಳಿನ ಗೆರೆಗಳು ಕೂಡ ಅಚ್ಚು ಒತ್ತಿದ ಹಾಗೆ ಕಾಣುತ್ತಿದ್ದವು.

ಒಂದು ಸಲ ಟವೆಲ್ ಎಳೆದಿದ್ದರೆ ಆಗುತ್ತಿತ್ತು. ‘ಧೂಳು’ ಎಂದಿದ್ದರೆ ಎಲ್ಲರೂ ನಂಬುತ್ತಿದ್ದರು. ಬೈದ ಬೈಗುಳವೂ ಉಳಿಯುತ್ತಿತ್ತು, ಮಾವನ ಮರ್ಯಾದೆಯೂ ಉಳಿಯುತ್ತಿತ್ತು. ಹನುಮಂತ್ರಾಯ ಗಾಜಿನೊಳಗಿಂದ ಮಗಳನ್ನು ನೋಡಿದ. ಅವಳು ಮಣಿಕಟ್ಟಿನ ರಕ್ತವನ್ನು ಸೆರಗಿನಿಂದ ಒತ್ತಿಕೊಳ್ಳುತ್ತಿದ್ದಳು. ನಾಳೆ ಕೂಸು ಎತ್ತಿಕೊಂಡು ಇದೇ ಕಾರಿನಲ್ಲಿ ಗಂಡನ ಮನೆಗೆ ಹೋಗುವವಳು. ಕಾರಿಗೆ ಮೊದಲಿನಿಂದಲೂ ಕಣ್ಣಿಲ್ಲ ಎಂದು ಅಳಿಯ ನಂಬಿದರೆ ಏನು ಮಾಡುತ್ತಾನೋ. ಈ ರಸ್ತೆಯ ಧೂಳಿಗೇ ಕಾರು ಕುರುಡಾಗುತ್ತದೆ ಎಂದು ನಂಬಿದರೆ ಏನು ಮಾಡುತ್ತಾನೋ. ಯಾವುದೂ ನಿಜವಲ್ಲವಲ್ಲ.

“ಅಳಿಯಂದ್ರ, ಇಲ್ಲಿ ಬರ್ರಿ,” ಎಂದ. “ಧೂಳಲ್ರಿ ಇದು. ಇದರ ಕಣ್ಣು ಮುಚ್ಚಿದಾಂವ ನಾನು.”

ದುರುಗೇಶ ಬಂದು ನೋಡಿದ. ಬೂದೆಮ್ಮ ಇಳಿದು ಬಂದು ನೋಡಿದಳು. ಕುರಿಯ ಮುದುಕನೂ ಕತ್ತು ಚಾಚಿ ನೋಡಿದ.

“ಬಾನೆಟ್ಟಿಗೆ ಹಚ್ರಿ ಅಂತ ಬಡಕೊಂಡೆ,” ಎಂದಳು ಬೂದೆಮ್ಮ. “ಕೇಳಿದ್ರಾ? ಎದಿ ಅಂತ, ಹಣಿ ಅಂತ! ಶಾಣ್ಯಾತನ ಎಲ್ಲಾ ಹಣೀಗೆ ಹಚ್ಚಿ ಬಂದ್ರಿ.”

“ಹಣೀಗೆ ಹಚ್ಚೂದು ನಮ್ಮ ಪದ್ಧತಿ ಐತಲ್ಲವ್ವಾ,” ಎಂದು ಮುದುಕ ಹನುಮಂತ್ರಾಯನ ಪರ ನಿಂತ. “ನಾನಾದ್ರೂ ಅಲ್ಲೇ ಹಚ್ತಿದ್ದೆ.”

“ಹಚ್ಚೂಕಿಂತ ಮೊದಲ ಕಣ್ಣೆಲ್ಲಿ ಅದಾವ ಅಂತ ಕೇಳಬೇಕಿತ್ತು ನಾನು,” ಎಂದ ಹನುಮಂತ್ರಾಯ. “ಎಮ್ಮಿ ಕೇಳಿದೆ, ಟ್ರ್ಯಾಕ್ಟರ್ ಕೇಳಿದೆ. ಅದನ್ನೊಂದು ಬಿಟ್ಟೆ.” ಟವೆಲ್ಲನ್ನು ಕೈಗೆ ಸುತ್ತಿಕೊಂಡ. “ನನ್ನ ಮಗಳು ನೆಟ್ಟಗ ಮನಿ ಮುಟ್ಟಲಿ ಅಂತ ಹಚ್ಚಿದ್ದು.”

ದುರುಗೇಶ ಮಾವನ ಕೈ ಹಿಡಿದುಕೊಂಡ. “ನಿಮ್ಮ ತಪ್ಪೇನ್ರಿ ಮಾವಾರ? ಅದು ದೇವದುರ್ಗದಾಗ ಹೇಳಿತ್ತು. ಟಿಣ್ ಅಂದಿತ್ತಲ್ಲ? ನಾನು ಓದಲೇ ಇಲ್ಲ, ಸರಿಸಿ ಒಗದೆ. ದಿನಾ ಬರ್ತದಲ್ಲ ಅಂತ. ಮ್ಯಾಲ ಕಾಲು ಬ್ಯಾರೆ ಸೀಟಿನ ಮ್ಯಾಲ.” ತನ್ನ ಬಲಗಾಲನ್ನೇ ನೋಡಿಕೊಂಡ. “ಕಾಲು ಕೆಳಗಿದ್ದಿದ್ರ ಧೂಳು ಕಂಡಾಗೇ ನಿಲ್ಲಸ್ತಿದ್ದೆ. ನೀವು ಹೇಳಿದ್ರಿ, ಕುರಿ ಬರಾಕತ್ತಾವ ಅಂತ.”

“ನಾನು ‘ಲೇ ಮಗನ’ ಅಂದುಬಿಟ್ಟೆ ನಿಮಗ.”

“ಇನ್ನೂ ಎರಡು ಅನ್ನಬೇಕಿತ್ರಿ.”

“ಮುಗೀತಾ ನಿಮ್ಮಿಬ್ರುದು?” ಭಾಗ್ಯಜ್ಯೋತಿ ಬಾಗಿಲು ತೆರೆದು, ಕಾಲು ಹೊರಗೆ ಇಳಿಬಿಟ್ಟು ಕುಳಿತಿದ್ದಳು. “ಒಬ್ಬರು ಕಾರ್ ನಂಬಿದ್ರಿ. ಒಬ್ಬರು ಕಾರ್ ನಂಬಲಿಲ್ಲ. ಬೆಳಗಿನಿಂದ ಕಾರಿಂದೇ ಮಾತು. ಇದರಾಗ ಕುಂತಾಕಿ ನಾನು. ಹೊಟ್ಟ್ಯಾಗಿಂದಕ್ಕಂತೂ ಬಾಯಿ ಇಲ್ಲ. ನಿನಗ ಹ್ಯಾಂಗ ಅನಸ್ತದ, ಎಷ್ಟು ಜೋರು ಹೋಗೂಣು, ಯಾರಾರ ಒಬ್ಬರು ನನ್ನ ಕೇಳಿದ್ರೇನು?”

“ಅಂಜಿಕಿ ಅದೇನು ಅಂತ ಕೇಳಿದ್ನಲ್ಲ ಯವ್ವಾ,” ಎಂದ ಹನುಮಂತ್ರಾಯ.

“ಕೇಳಿ, ನಾ ಹೇಳಿದ ಮ್ಯಾಲ ಏನು ಮಾಡಿದಿ? ಹೋಗಿ ಭಂಡಾರ ಕಲಸಿದಿ.”

ಇಪ್ಪತ್ತಾರು ವರ್ಷ ಹಿಂದಿನ ಸೀಟಿನವರಿಗೆ “ಸುಮ್ನ ಕುಂದರ್ರಿ” ಎಂದವನು, ಈಗ ಹಿಂದಿನ ಸೀಟಿನಿಂದ ಬಂದ ಮಾತಿಗೆ ತಲೆದೂಗಿದ.

ಟವೆಲ್ಲಿನಿಂದ ಒರೆಸಿದರೆ ಎಣ್ಣೆ ಇನ್ನಷ್ಟು ಹರಡಿತು. ನೆಲ್ಲಿನ ಒಡತಿ ಕಾಲುವೆಯಲ್ಲಿ ಬಟ್ಟೆ ಒಗೆಯಲು ಇಟ್ಟುಕೊಂಡಿದ್ದ ಸಾಬೂನಿನ ತುಂಡು ತಂದುಕೊಟ್ಟಳು. ಹನುಮಂತ್ರಾಯ ಅದನ್ನು ಹಚ್ಚಿ, ನೀರು ಸುರಿದು, ಕೂಸಿನ ಮುಖ ತೊಳೆಯುವ ಹಾಗೆ ಮೂರು ಸಲ ತೊಳೆದ. ಉಳಿದ ಭಂಡಾರವನ್ನು ಬೂದೆಮ್ಮ ತಾನೇ ಒಯ್ದು ಬಾನೆಟ್ಟಿಗೆ ಹಚ್ಚಿದಳು, ಗಂಡನ ಮುಖ ನೋಡುತ್ತ. ದುರುಗೇಶ ಮೊಣಕಾಲೂರಿ ಚೆಲ್ಲಿದ ನೆಲ್ಲನ್ನೆಲ್ಲ ಎರಡೂ ಕೈಯಿಂದ ಬಳಿದು ಗುಡ್ಡೆ ಹಾಕಿದ. ಸರಿದ ಕಲ್ಲುಗಳನ್ನು ಮತ್ತೆ ಸಾಲಾಗಿ ಇಟ್ಟ. “ರೋಡಿಗೆ ಹಾಕೂದು ನಮ್ಮದೂ ತಪ್ಪೇ ಯಪ್ಪಾ,” ಎಂದಳು ಆ ಹೆಂಗಸು, “ಮತ್ತೆಲ್ಲಿ ಒಣಗಸೂಣು?” ಭಾಗ್ಯಜ್ಯೋತಿಯ ಉಡಿಗೆ ಒಂದು ಬೊಗಸೆ ಹೊಸ ನೆಲ್ಲು ಹಾಕಿ, “ಹಡದ ಮ್ಯಾಲ ಈ ದಾರೀಲೇ ಬಾ, ಕೂಸು ತೋರಸು,” ಎಂದಳು.

ಹೊರಡುವ ಮುನ್ನ ಯಾರು ಎಲ್ಲಿ ಕೂಡಬೇಕು ಎಂದು ಭಾಗ್ಯಜ್ಯೋತಿಯೇ ಹೇಳಿದಳು. “ಯವ್ವ ಮುಂದ ಕುಂದರಲಿ. ಆಕಿ ಇದ್ರ ಯಾರಿಗೂ ಕಾಲು ಮ್ಯಾಲ ಇಡೂ ಧೈರ್ಯ ಬರಂಗಿಲ್ಲ. ಯಪ್ಪ ನನ್ನ ಜೋಡಿ ಹಿಂದ. ಮನಿಗಲ್ಲ, ಮೊದಲ ದವಾಖಾನಿಗೆ. ಡಾಕ್ಟರಮ್ಮ ನೋಡಿ ಏನೂ ಇಲ್ಲ ಅಂದ ಮ್ಯಾಲ ಮನಿ. ನಲವತ್ತರ ಮ್ಯಾಲ ಹೋಗಬ್ಯಾಡ್ರಿ. ಕಾರಿನ ಕಣ್ಣೂ ತೆರದಿರಲಿ, ನಿಮ್ಮ ಕಣ್ಣೂ ತೆರದಿರಲಿ.”

ಹಿಂದಿನ ಸೀಟಿನಿಂದ ಹನುಮಂತ್ರಾಯನಿಗೆ ರಸ್ತೆ ಸರಿಯಾಗಿ ಕಾಣುತ್ತಿರಲಿಲ್ಲ. ಮುಂದೆ ಎರಡು ತಲೆ, ನಡುವೆ ಒಂದು ಸೀಳು ಆಕಾಶ. ಹೀಗೆ ಏನೂ ಕಾಣದೆ ಕೂಡುವುದು ಎಷ್ಟು ಕಷ್ಟದ ಕೆಲಸ ಎಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ. ದಿನಾ ಇಷ್ಟು ಜನ ತನ್ನ ಬೆನ್ನು ನೋಡುತ್ತ ಹೀಗೇ ಕೂಡುತ್ತಾರಲ್ಲ. ಮಗಳು ಅವನ ಅಂಗೈಯನ್ನು ತೆಗೆದುಕೊಂಡು ತನ್ನ ಹೊಟ್ಟೆಯ ಪಕ್ಕಕ್ಕೆ ಇಟ್ಟಳು. ಒಳಗೆ ಏನೋ ಹೊರಳಿತು, ಒಂದು ಸಣ್ಣ ಹಿಮ್ಮಡಿಯೋ ಮೊಣಕೈಯೋ. ಅವನು ಕೈ ಅಲ್ಲಾಡಿಸದೆ ಕುಳಿತ.

ಕಲ್ಮಲಾ ದಾಟಿ ರಾಯಚೂರು ಹತ್ತಿರವಾಗುತ್ತಿದ್ದಂತೆ ಗಾಡಿಗಳು ಹೆಚ್ಚಾದವು. ಹತ್ತಿ ತುಂಬಿ ಉಬ್ಬಿದ ಟ್ರ್ಯಾಕ್ಟರೊಂದು ಮುಂದೆ ಹೋಗುತ್ತಿದ್ದುದು ಯಾವ ಸೂಚನೆಯೂ ಇಲ್ಲದೆ ಗಕ್ಕನೆ ನಿಂತಿತು. ಕಾರು ಟಿಣ್ ಟಿಣ್ ಎಂದಿತು, ಮೆತ್ತಗೆ ಬಾಗಿತು, ಟ್ರ್ಯಾಕ್ಟರಿನಿಂದ ನಾಲ್ಕು ಮಾರು ದೂರದಲ್ಲಿ ನಿಂತಿತು. ಭಾಗ್ಯಜ್ಯೋತಿಯ ಮುಡಿಯ ಹೂವೂ ಅಲ್ಲಾಡಲಿಲ್ಲ.

“ಯಾರು ಹಿಡದ್ರು ಬ್ರೇಕು?” ಹನುಮಂತ್ರಾಯ ಕೇಳಿದ. “ನೀವೋ, ಅದೋ?”

“ನನ್ನ ಕಾಲಂತೂ ಬ್ರೇಕಿನ ಮ್ಯಾಲ ಅದ ಮಾವಾರ,” ಎಂದ ದುರುಗೇಶ. ಕೆಳಗೆ ನೋಡಿ ಖಾತ್ರಿ ಮಾಡಿಕೊಂಡ. “ಅದೂ ಹಿಡದಂಗ ಆತು.”

“ಮೊದಲ ಯಾರು?”

“ಗೊತ್ತಾಗಲಿಲ್ರಿ.”

“ನಿಲ್ಲಸು ಅಂತ ನಾ ಒದರಿದ್ದು ಯಾರಿಗೂ ಕೇಳಸಲಿಲ್ಲೇನು?” ಎಂದಳು ಮುಂದಿನ ಸೀಟಿನಿಂದ ಬೂದೆಮ್ಮ.

ಭಾಗ್ಯಜ್ಯೋತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಯವ್ವಾ, ನಗಸಬ್ಯಾಡ, ನೋವಾಗ್ತದ.” ದುರುಗೇಶನೂ ನಕ್ಕ. ಹನುಮಂತ್ರಾಯನಿಗೆ ಗಬ್ಬೂರಿನಿಂದ ಹಿಡಿದಿಟ್ಟಿದ್ದ ಉಸಿರು ಆಗ ಹೊರಬಂತು.

ಟ್ರ್ಯಾಕ್ಟರ್ ನಿಧಾನಕ್ಕೆ ಬದಿಗೆ ಸರಿದು ದಾರಿ ಬಿಟ್ಟಿತು. ಹಿಂದಿನ ಲಾರಿ ಹಾರ್ನ್ ಹೊಡೆಯತೊಡಗಿತು. ದುರುಗೇಶ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಆಮೇಲೆ ಪೂರ್ತಿ ಹಿಂದಕ್ಕೆ ತಿರುಗಿದ.

“ಭಾಗ್ಯಾ, ಹೋಗೂಣೇನು?”

ಲಾರಿ ಮತ್ತೊಮ್ಮೆ ಒದರಿತು. ಭಾಗ್ಯಜ್ಯೋತಿ ಅವಸರ ಮಾಡಲಿಲ್ಲ. ಸೀಟಿನಲ್ಲಿ ನೆಟ್ಟಗೆ ಕುಳಿತು, ಬೆಲ್ಟನ್ನು ಹೊಟ್ಟೆಯ ಕೆಳಗೆ ಸರಿಮಾಡಿಕೊಂಡು, ಗಾಜಿನಾಚೆಯ ರಸ್ತೆಯನ್ನು ತನಗೆ ಬೇಕಾದಷ್ಟು ಹೊತ್ತು ನೋಡಿದಳು.

“ಹಾಂ,” ಎಂದಳು. “ಈಗ ಹೋಗ್ರಿ.”